ನಮ್ಮ ಫೋಟೋ ನಮ್ಮ ಫೋನಿನಲ್ಲೇ ಇರಲಿ

(ತ್ಯಾವರೆಕೊಪ್ಪದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಗೆ ಬರಲಾಗದ ಸದಸ್ಯೆಯರ ಕೋರಿಕೆಯಂತೆ ಇಲ್ಲಿ ಕೊಡಲಾಗಿದೆ.)



ಉಳಿತಾಯ, ಸಾಲ ಮರುಪಾವತಿ, ನಿರ್ಣಯ ಪುಸ್ತಕ ಬರೆಯುವುದು, ಇವುಗಳ ಮೇಲೆ ನಾವು ನಿಮ್ಮ ಜೊತೆ ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತು ಫೋಟೋ ವಿಷಯ. "ಸಿಸ್ಟರ್ ಇವತ್ತು ಫೋಟೋ ತೆಗೆಯೋದು ಹೇಳ್ಕೊಡ್ತಾರಂತೆ" ಅಂತ ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದು ಕಿವಿಗೆ ಬಿತ್ತು. ತೆಗೆಯೋದು ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ. ಇಲ್ಲಿನ ಹುಲಿ ಸಿಂಹಧಾಮ 1988ರಲ್ಲಿ ಶುರುವಾಯಿತು. ಸಾಗರ ರಸ್ತೆಯಲ್ಲಿ ಬರುವವರೆಲ್ಲ ಇಳಿದು, ಬಸ್ಸಿನ ಕಿಟಕಿಯಿಂದ ಹುಲಿಯ ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ಅದು ಎಲ್ಲಿಗೆ ಹೋದರೂ ಹುಲಿಗೆ ನಷ್ಟವಿಲ್ಲ. ಆದರೆ ನಮ್ಮ ಆಧಾರ್ ಕಾರ್ಡಿನ ಫೋಟೋ, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ, ಮಗಳ ಅಂಕಪಟ್ಟಿಯ ಫೋಟೋ, ಸಹಿಯ ಫೋಟೋ ಹಾಗಲ್ಲ. ಇವತ್ತಿನ ಮಾತು ಇವುಗಳ ಬಗ್ಗೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ಹೇಳದೆ ಪಾಠ ಮಾಡಿದರೆ ಅದು ಸರಿಯಲ್ಲ.

ಎರಡು ವರ್ಷದ ಹಿಂದೆ ಒಂದು ಸಂಘದ ಸಾಲದ ಅರ್ಜಿಗೆ ಹದಿನಾಲ್ಕು ಸದಸ್ಯೆಯರ ದಾಖಲೆಗಳನ್ನು ಸಂಜೆಯೊಳಗೆ ಕಳಿಸಬೇಕಾಗಿತ್ತು. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಎಲ್ಲದರ ಫೋಟೋ ತೆಗೆದೆವು. ಒಂದೊಂದೂ ನಾಲ್ಕು ಎಂಬಿ ಇತ್ತು. ಹೋಗಲಿಲ್ಲ. ಗಂಟೆ ನಾಲ್ಕೂವರೆ. ಆತುರದಲ್ಲಿ ಗೂಗಲ್‌ನಲ್ಲಿ ಹುಡುಕಿದಾಗ, ಫೋಟೋವನ್ನು ಉಚಿತವಾಗಿ ಚಿಕ್ಕದು ಮಾಡಿಕೊಡುತ್ತೇವೆ ಅನ್ನುವ ಒಂದು ಪುಟ ಸಿಕ್ಕಿತು. ಎಲ್ಲಾ ದಾಖಲೆಗಳನ್ನೂ ಅದಕ್ಕೆ ಹಾಕಿದೆವು. ಎರಡೇ ನಿಮಿಷದಲ್ಲಿ ಚಿಕ್ಕದಾಗಿ ವಾಪಸ್ ಬಂತು. ಐದಕ್ಕೆ ಮುಂಚೆ ಅರ್ಜಿ ಹೋಯಿತು. ನಮಗೆ ಖುಷಿಯೋ ಖುಷಿ.

ಆಮೇಲೆ ಕಚೇರಿಗೆ ತರಬೇತಿಗೆ ಬಂದಿದ್ದ ಸಮಾಜಕಾರ್ಯದ ಒಬ್ಬ ವಿದ್ಯಾರ್ಥಿನಿ ಮೆಲ್ಲಗೆ ಕೇಳಿದಳು, "ಸಿಸ್ಟರ್, ಆ ಫೋಟೋಗಳು ಈಗ ಎಲ್ಲಿವೆ?" ನಾವು ಆ ಪುಟವನ್ನು ಮತ್ತೆ ತೆರೆದು ನೋಡಿದೆವು. ಯಾರು ನಡೆಸುತ್ತಾರೆ ಅಂತ ಇಲ್ಲ, ಯಾವ ದೇಶ ಅಂತ ಇಲ್ಲ. ಒಂದು ಗಂಟೆಯೊಳಗೆ ಅಳಿಸುತ್ತೇವೆ ಅಂತ ಮಾತ್ರ ಬರೆದಿತ್ತು. ಅಳಿಸಿರಬಹುದು. ಅಳಿಸದೆಯೂ ಇರಬಹುದು. ನೋಡಿ ಬರಲು ನಮಗೆ ದಾರಿಯಿಲ್ಲ.

ಮುಂದಿನ ವಾರದ ಸಭೆಗೆ ಹೋಗಿ ಆ ಹದಿನಾಲ್ಕು ಜನರ ಮುಂದೆ ವಿಷಯ ಇಟ್ಟೆವು. ಬೈಯುತ್ತಾರೆ ಅಂದುಕೊಂಡಿದ್ದೆವು. ಬೈಯಲಿಲ್ಲ. ಒಬ್ಬ ಹಿರಿಯ ಸದಸ್ಯೆ ಕೇಳಿದ್ದು ಒಂದೇ ಮಾತು. "ಸಿಸ್ಟರ್, ಸಂಘದ ಹತ್ತು ರೂಪಾಯಿ ಯಾರ ಕೈಗೆ ಕೊಟ್ರೂ ರಸೀದಿ ತಗೊಳ್ಳಿ ಅಂತ ನೀವೇ ಹೇಳ್ಕೊಟ್ಟಿದ್ದು. ಇದಕ್ಕೆ ರಸೀದಿ ಎಲ್ಲಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಮಗೆ ತಿಳಿದ ಮಟ್ಟಿಗೆ ಆ ಹದಿನಾಲ್ಕು ಜನರಲ್ಲಿ ಯಾರಿಗೂ ಈವರೆಗೆ ತೊಂದರೆಯಾಗಿಲ್ಲ. ಆದರೂ ಆ ಪ್ರಶ್ನೆ ಹೋಗಿಲ್ಲ. ಅದರಿಂದಲೇ ನಾವು ಈ ವಿಷಯ ಕಲಿಯಲು ಕೂತೆವು. ಕಲಿತದ್ದನ್ನು ಈಗ ನಿಮಗೆ ಹೇಳುತ್ತೇವೆ.

ಅರ್ಜಿ ನಮ್ಮ ಫೋಟೋವನ್ನು ಯಾಕೆ ಬೇಡ ಅನ್ನುತ್ತದೆ? ಎರಡು ಕಾರಣ. ಒಂದೋ ಫೋಟೋದ ಜಾತಿ ಬೇರೆ, ಇಲ್ಲವೋ ತೂಕ ಹೆಚ್ಚು. ಜಾತಿ ಅಂದ ಕೂಡಲೇ ನಗಬೇಡಿ, ಫೋಟೋಗಳಲ್ಲೂ ಅದು ಇದೆ. ಅದಕ್ಕೆ ಫಾರ್ಮ್ಯಾಟ್ ಅನ್ನುತ್ತಾರೆ. ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕೆ ಹಾಕಿ ಜೆಪಿಜಿ, ಪಿಎನ್‌ಜಿ, ವೆಬ್‌ಪಿ, ಎಚ್‌ಇಐಸಿ ಅಂತ ಇರುತ್ತದಲ್ಲ, ಅದೇ.

ನಮಗೆ ಹೆಚ್ಚು ಬೇಕಾಗುವುದು ಜೆಪಿಜಿ, ಅಂದರೆ ಜೆಪೆಗ್. ಇದರ ನಿಯಮ ಗೊತ್ತಾದದ್ದು 1992ರಲ್ಲಿ. ನಬಾರ್ಡ್ 500 ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿದ್ದೂ ಅದೇ 1992ರಲ್ಲಿ. ಎರಡಕ್ಕೂ ಸಂಬಂಧ ಏನೂ ಇಲ್ಲ, ಇಬ್ಬರೂ ಒಂದೇ ಓರಗೆಯವರು ಅಂತ ನೆನಪಿಗಷ್ಟೇ ಹೇಳಿದೆವು. ಜೆಪಿಜಿ ಏನು ಮಾಡುತ್ತದೆ ಅಂದರೆ, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ಬಣ್ಣದ ಸಣ್ಣ ಸಣ್ಣ ವ್ಯತ್ಯಾಸಗಳನ್ನು ಬಿಟ್ಟುಬಿಟ್ಟು ಫೋಟೋವನ್ನು ಹಗುರ ಮಾಡುತ್ತದೆ. ಹಲಸಿನ ಹಪ್ಪಳ ಮಾಡಿದ ಹಾಗೆ. ಜಾಗ ಕಡಿಮೆ, ಡಬ್ಬಿಯಲ್ಲಿ ಹಿಡಿಯುತ್ತದೆ, ಆದರೆ ಹಪ್ಪಳವನ್ನು ಮತ್ತೆ ಹಲಸಿನಕಾಯಿ ಮಾಡಲು ಬರುವುದಿಲ್ಲ. ಪಿಎನ್‌ಜಿ ಬಂದದ್ದು 1996ರಲ್ಲಿ. ಅದು ಸೀರೆ ಮಡಿಸಿದ ಹಾಗೆ. ಬಿಚ್ಚಿದರೆ ಇದ್ದದ್ದು ಇದ್ದ ಹಾಗೇ. ಏನೂ ಕಳೆಯುವುದಿಲ್ಲ, ಅದಕ್ಕೇ ಕ್ಯಾಮೆರಾ ಫೋಟೋವನ್ನು ಪಿಎನ್‌ಜಿ ಮಾಡಿದರೆ ತುಂಬಾ ಭಾರ. ನಿಮ್ಮಲ್ಲಿ ಹಲವರ ಫೋನಿನಲ್ಲಿ ಸ್ಕ್ರೀನ್‌ಶಾಟ್ ಹೊಡೆದರೆ ಬರುವುದು ಈ ಪಿಎನ್‌ಜಿ. ವೆಬ್‌ಪಿ ಅನ್ನುವುದು ಗೂಗಲ್‌ನವರು 2010ರಲ್ಲಿ ತಂದದ್ದು, ಇಂಟರ್ನೆಟ್ಟಿನಿಂದ ಚಿತ್ರ ಉಳಿಸಿಕೊಂಡಾಗ ಸಿಗುತ್ತದೆ. ಎಚ್‌ಇಐಸಿ ಅನ್ನುವುದು 2017ರಿಂದ ಐಫೋನ್‌ಗಳಲ್ಲಿ ಬಂತು. ಬೆಂಗಳೂರಲ್ಲಿ ಕೆಲಸ ಮಾಡುವ ಅಳಿಯನೋ ತಮ್ಮನೋ ಊರಿಗೆ ಬಂದಾಗ ತನ್ನ ಒಳ್ಳೆ ಫೋನಿನಲ್ಲಿ ಮಗುವಿನ ಫೋಟೋ ತೆಗೆದು ಕಳಿಸುತ್ತಾನೆ. ಅದನ್ನು ವಿದ್ಯಾರ್ಥಿ ವೇತನದ ಅರ್ಜಿಗೆ ಹಾಕಿದರೆ ಅರ್ಜಿ ಒಪ್ಪುವುದಿಲ್ಲ. ಫೋಟೋ ಚೆನ್ನಾಗಿಯೇ ಇದೆಯಲ್ಲ ಅಂತ ನಾವು ತಲೆ ಕೆರೆದುಕೊಳ್ಳುತ್ತೇವೆ.

ಇಲ್ಲಿ ಮಕ್ಕಳು ಒಂದು ಜಾಣತನ ಮಾಡುತ್ತಾರೆ. ಫೈಲಿನ ಹೆಸರಿನ ಕೊನೆಯನ್ನು ಅಳಿಸಿ ಜೆಪಿಜಿ ಅಂತ ಬರೆಯುತ್ತಾರೆ. ರಾಗಿ ಡಬ್ಬಿಗೆ ಅಕ್ಕಿ ಅಂತ ಚೀಟಿ ಅಂಟಿಸಿದರೆ ಅನ್ನ ಆಗುತ್ತದೆಯೇ? ಹೆಸರು ಬದಲಿಸುವುದು ಬೇರೆ, ರೂಪ ಬದಲಿಸುವುದು ಬೇರೆ.

ಇನ್ನು ತೂಕ. ಒಂದು ಎಂಬಿ ಅಂದರೆ ಸುಮಾರು ಸಾವಿರ ಕೆಬಿ. ನಾಲ್ಕು ಎಂಬಿ ಫೋಟೋ ಅಂದರೆ ನಾಲ್ಕು ಸಾವಿರ ಕೆಬಿ. ಅರ್ಜಿ ಕೇಳುವುದು ಎಷ್ಟು? ನಿಮ್ಮ ಹೆಣ್ಣುಮಕ್ಕಳು ಬರೆಯುವ ಬ್ಯಾಂಕ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಐಬಿಪಿಎಸ್‌ನವರ ಅರ್ಜಿಯಲ್ಲಿ ಫೋಟೋ 20ರಿಂದ 50 ಕೆಬಿ ಒಳಗೆ ಇರಬೇಕು, ಅಳತೆ 200 ಅಗಲ, 230 ಎತ್ತರ ಅಂತ ಕೇಳುತ್ತಾರೆ. ಸಹಿ 10ರಿಂದ 20 ಕೆಬಿ. ಈ 200, 230 ಅಂದರೆ ಚುಕ್ಕಿಗಳ ಲೆಕ್ಕ. ರಂಗೋಲಿಗೆ ಚುಕ್ಕಿ ಇಡುತ್ತೇವಲ್ಲ, ಅಡ್ಡಕ್ಕೆ 200, ಉದ್ದಕ್ಕೆ 230, ಒಟ್ಟು 46 ಸಾವಿರ ಚುಕ್ಕಿ. ನಮ್ಮ ಫೋನಿನ ಸಾಮಾನ್ಯ ಫೋಟೋದಲ್ಲಿ ಅಡ್ಡಕ್ಕೆ ನಾಲ್ಕು ಸಾವಿರ, ಉದ್ದಕ್ಕೆ ಮೂರು ಸಾವಿರ, ಅಂದರೆ ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕಿ. ಅದಕ್ಕೇ ಅಷ್ಟು ಭಾರ. ಚುಕ್ಕಿ ಕಡಿಮೆ ಮಾಡಿದರೆ ತೂಕ ತಾನಾಗಿ ಇಳಿಯುತ್ತದೆ.

ಈಗ ಮುಖ್ಯ ಮಾತಿಗೆ ಬರೋಣ. ರೂಪ ಬದಲಿಸಿಕೊಡುವ ಪುಟಗಳಲ್ಲಿ ಎರಡು ಬಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಗುಂಡಿ ಒತ್ತಿ, ಫೋಟೋ ಹಾಕಿ, ವಾಪಸ್ ತಗೊಳ್ಳಿ ಅಂತ. ಒಳಗೆ ನಡೆಯುವುದು ಬೇರೆ.

ಒಂದು ಬಗೆ ಹಿಟ್ಟಿನ ಗಿರಣಿ ಇದ್ದ ಹಾಗೆ. ನಮ್ಮ ಫೋಟೋ ನಮ್ಮ ಫೋನಿನಿಂದ ಹೊರಟು ಎಲ್ಲೋ ಇರುವ ಯಾರದೋ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಬೀಸಿ ಹಿಟ್ಟು ಮಾಡಿ ಕಳಿಸುತ್ತಾರೆ. ಊರಿನ ಗಿರಣಿಯಾದರೆ ಮುಂದೆ ನಿಂತು ನೋಡುತ್ತೇವೆ. ಈ ಗಿರಣಿ ಕಾಣುವುದಿಲ್ಲ. ಒಂದು ಹಿಡಿ ಅಲ್ಲೇ ಉಳಿಸಿಕೊಂಡರೋ ಇಲ್ಲವೋ ಗೊತ್ತಾಗುವುದಿಲ್ಲ. ಫೋಟೋದ ವಿಷಯದಲ್ಲಿ ಇನ್ನೊಂದು ಕಷ್ಟ ಏನಂದರೆ, ಅವರು ಪೂರ್ತಿ ಇಟ್ಟುಕೊಂಡರೂ ನಮಗೆ ಬರುವುದರಲ್ಲಿ ಒಂದು ಚೂರೂ ಕಡಿಮೆಯಾಗಿರುವುದಿಲ್ಲ.

ಇನ್ನೊಂದು ಬಗೆ ಒಳಕಲ್ಲನ್ನೇ ನಮ್ಮ ಮನೆಗೆ ಕಳಿಸಿದ ಹಾಗೆ. ಪುಟ ತೆರೆದ ಕೂಡಲೇ ರೂಪ ಬದಲಿಸುವ ಸಾಮಾನು ನಮ್ಮ ಫೋನಿನ ಬ್ರೌಸರ್ ಒಳಗೆ ಬಂದು ಕೂರುತ್ತದೆ. ಬ್ರೌಸರ್ ಅಂದರೆ ಕ್ರೋಮ್, ಫೈರ್‌ಫಾಕ್ಸ್ ಇವೆಲ್ಲ. ಆಮೇಲೆ ರುಬ್ಬುವುದು ನಮ್ಮ ಫೋನೇ. ಫೋಟೋ ಹೊಸಿಲು ದಾಟುವುದಿಲ್ಲ. ಇದೇನು ಪವಾಡವಲ್ಲ. ಬ್ರೌಸರ್‌ಗೆ ಹೇಗೂ ಚಿತ್ರ ತೋರಿಸಲು ಬರುತ್ತದೆ. ಒಂದು ಖಾಲಿ ಹಲಗೆಯ ಮೇಲೆ ಚಿತ್ರವನ್ನು ಬಿಡಿಸಿಕೊಂಡು, ಅದನ್ನು ಬೇರೆ ರೂಪದಲ್ಲಿ ಎತ್ತಿ ಕೊಡಲೂ ಬರುತ್ತದೆ. 2017ರಿಂದ ದೊಡ್ಡ ಬ್ರೌಸರ್‌ಗಳಲ್ಲೆಲ್ಲ ವೆಬ್ ಅಸೆಂಬ್ಲಿ ಅನ್ನುವ ಸೌಲಭ್ಯ ಬಂದ ಮೇಲೆ ಇಂಥ ಭಾರದ ಕೆಲಸಗಳೂ ಬ್ರೌಸರ್ ಒಳಗೇ ಬೇಗ ಆಗುತ್ತಿವೆ.

ಯಾವುದು ಗಿರಣಿ, ಯಾವುದು ಒಳಕಲ್ಲು ಅಂತ ಕಂಡುಹಿಡಿಯುವುದು ಹೇಗೆ? ಆ ಪುಟದಲ್ಲಿ ಬರೆದಿರುವುದನ್ನು ನಂಬಿದರೆ ಸಾಲದು. ಒಂದು ಪರೀಕ್ಷೆ ಇದೆ, ಇದನ್ನು ಇವತ್ತೇ ಎಲ್ಲರೂ ಮಾಡಿ ನೋಡಿ. ಪುಟವನ್ನು ತೆರೆಯಿರಿ. ಪೂರ್ತಿ ತೆರೆದುಕೊಂಡ ಮೇಲೆ ಫೋನಿನ ಏರೋಪ್ಲೇನ್ ಗುಂಡಿ ಒತ್ತಿ. ಫ್ಲೈಟ್ ಮೋಡ್ ಅನ್ನುತ್ತಾರಲ್ಲ, ಅದು. ವೈಫೈ ಇದ್ದರೆ ಅದೂ ಆರಿರಬೇಕು. ಈಗ ಫೋನಿನಿಂದ ಹೊರಗೆ ಏನೂ ಹೋಗುವಂತಿಲ್ಲ. ಈಗ ಒಂದು ಸಾಧಾರಣ ಫೋಟೋ, ಹೂವಿನದೋ ಕೋಳಿಯದೋ, ಹಾಕಿ ರೂಪ ಬದಲಿಸಿ. ಕೆಲಸ ಆಯಿತೇ? ಹಾಗಾದರೆ ಅದು ಒಳಕಲ್ಲು. ಸುತ್ತುತ್ತಾ ನಿಂತುಬಿಟ್ಟರೆ ಅಥವಾ ಇಂಟರ್ನೆಟ್ ಇಲ್ಲ ಅಂದರೆ ಗಿರಣಿ ಅಂತ ತಿಳಿದು ಬಿಟ್ಟುಬಿಡಿ. ಸಭೆಯಲ್ಲಿ ಇದನ್ನು ಮಾಡಿ ತೋರಿಸಿದಾಗ ಭದ್ರಾವತಿ ಕಡೆಯ ಒಬ್ಬ ಸಹೋದರಿ, "ನೆಟ್ ಹಾಕಿದ ಮೇಲೆ ಕಳ್ಳತನದಿಂದ ಕಳಿಸಿದರೆ?" ಅಂದರು. ಬಹಳ ಸರಿಯಾದ ಅನುಮಾನ. ಅದಕ್ಕೆ ಹೀಗೆ ಮಾಡಿ. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ಅನ್ನುವ ಕಪ್ಪು ಕಿಟಕಿಯಲ್ಲಿ ಪುಟ ತೆರೆಯಿರಿ, ಏರೋಪ್ಲೇನ್ ಗುಂಡಿ ಒತ್ತಿ, ಕೆಲಸ ಮುಗಿಸಿ, ಹೊಸ ಫೋಟೋ ಉಳಿಸಿಕೊಂಡು, ಆ ಕಿಟಕಿಯನ್ನು ಪೂರ್ತಿ ಮುಚ್ಚಿ. ಆಮೇಲೆ ಮಾತ್ರ ನೆಟ್ ಹಾಕಿ. ಆಧಾರ್, ಪಾಸ್‌ಬುಕ್ ಇಂಥವಕ್ಕೆ ಪ್ರತಿ ಸಲವೂ ಹೀಗೇ ಮಾಡುವುದು ಕ್ಷೇಮ.

ನಾವು ಬಳಸಿ ನೋಡಿದ ಒಂದು ಪುಟದ ಹೆಸರು ಸ್ಕ್ವೂಶ್. ಗೂಗಲ್ ಕ್ರೋಮ್‌ನ ತಂಡದವರು 2018ರಲ್ಲಿ ಮಾಡಿದ್ದು. ಉಚಿತ, ಲಾಗಿನ್ ಬೇಡ. ಎಸ್, ಕ್ಯೂ, ಯು, ಒ, ಒ, ಎಸ್, ಎಚ್, ಆಮೇಲೆ ಚುಕ್ಕಿ, ಆಮೇಲೆ ಎ, ಪಿ, ಪಿ. ಹೀಗೆ ಒಂದೊಂದೇ ಅಕ್ಷರ ನೀವೇ ಬರೆಯಿರಿ, ಹುಡುಕಲು ಹೋಗಬೇಡಿ. ಹುಡುಕಿದರೆ ಮೇಲುಗಡೆ ಬರುವುದು ಜಾಹೀರಾತು. ಫೋಟೋ ಬದಲಿಸುವ ಕೆಲಸ ಪೂರ್ತಿ ನಮ್ಮ ಫೋನಿನಲ್ಲೇ ನಡೆಯುತ್ತದೆ. ಪುಟ ಇಂಗ್ಲಿಷಿನಲ್ಲಿದೆ ಅಂತ ಹೆದರಬೇಡಿ, ನಾಲ್ಕು ಪದ ಗೊತ್ತಿದ್ದರೆ ಸಾಕು.

ಮೊದಲು ಫೋನಿನ ಗ್ಯಾಲರಿಯಲ್ಲೇ ಫೋಟೋವನ್ನು ಬೇಕಾದಷ್ಟಕ್ಕೆ ಕತ್ತರಿಸಿಕೊಳ್ಳಿ. ಮಗಳ ಫೋಟೋ ಆದರೆ ಮುಖ, ಭುಜ ಸಾಕು. ಹಿಂದಿನ ಗೋಡೆ, ಕ್ಯಾಲೆಂಡರ್, ದೇವರ ಪಟ ಬೇಡ. ಆಮೇಲೆ ಪುಟದಲ್ಲಿ ಫೋಟೋ ಹಾಕಿ. ರೀಸೈಜ್ ಅನ್ನುವುದನ್ನು ಒತ್ತಿದರೆ ಅಗಲ, ಎತ್ತರ ಕೇಳುತ್ತದೆ. ಅರ್ಜಿ 200 ಅಂದಿದ್ದರೆ 200 ಬರೆಯಿರಿ. ಕಂಪ್ರೆಸ್ ಅನ್ನುವ ಕಡೆ ಮೋಝ್‌ಜೆಪೆಗ್ ಅಂತ ಇರುತ್ತದೆ, ಅದೇ ಇರಲಿ, ಅದೇ ನಮ್ಮ ಜೆಪಿಜಿ. ಕೆಳಗೆ ಕ್ವಾಲಿಟಿ ಅಂತ ಒಂದು ಗೆರೆ, ಎಡಕ್ಕೆ ಎಳೆದಷ್ಟೂ ಹಗುರ. ಎಷ್ಟು ಕೆಬಿ ಆಯಿತು ಅಂತ ಅಲ್ಲೇ ಕಾಣುತ್ತಾ ಹೋಗುತ್ತದೆ. 50 ಕೆಬಿ ಒಳಗೆ ಬಂದ ಕೂಡಲೇ ಕೈ ಬಿಡಿ, ಬಾಣದ ಗುರುತು ಒತ್ತಿ ಉಳಿಸಿಕೊಳ್ಳಿ. ಮುಗಿಯಿತು. ಹಳೆ ಫೋನಾದರೆ ಸ್ವಲ್ಪ ತಡ ಮಾಡುತ್ತದೆ. ಅದೂ ನಮ್ಮ ಹಾಗೆ, ರುಬ್ಬುವುದಕ್ಕೆ ಹೊತ್ತು ಬೇಕು.

ಒಂದು ಎಚ್ಚರ. ಮುಖದ ಫೋಟೋಗೆ ಮಾಡಿದ ಹಾಗೆ ದಾಖಲೆಯ ಫೋಟೋವನ್ನು 200ಕ್ಕೆ ಇಳಿಸಬೇಡಿ. ಅಕ್ಷರ ಕಾಣುವುದಿಲ್ಲ, ಅರ್ಜಿ ವಾಪಸ್ ಬರುತ್ತದೆ. ಅಂಕಪಟ್ಟಿ, ಪಾಸ್‌ಬುಕ್ ಇವಕ್ಕೆ ಅಗಲ ಸಾವಿರ, ಸಾವಿರದ ಇನ್ನೂರು ಇಟ್ಟು, ಕ್ವಾಲಿಟಿ ಇಳಿಸಿ ನೋಡಿ. ದೊಡ್ಡದು ಮಾಡಿ ನೋಡಿದಾಗ ನಂಬರ್ ಓದಲು ಬರಬೇಕು. ಮತ್ತೆ, ಮೂಲ ಫೋಟೋ ಅಳಿಸಬೇಡಿ. ಒಂದು ಸಲ ಜೆಪಿಜಿ ಮಾಡಿದ್ದನ್ನೇ ಮತ್ತೆ ಮತ್ತೆ ಜೆಪಿಜಿ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಕೆಡುತ್ತದೆ. ಯಾವಾಗಲೂ ಮೂಲದಿಂದಲೇ ಶುರು ಮಾಡಿ.

ಎಚ್‌ಇಐಸಿ ಫೋಟೋವನ್ನು ಆಂಡ್ರಾಯ್ಡ್ ಫೋನಿನ ಕ್ರೋಮ್ ತೆರೆಯುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಪುಟದಲ್ಲಿ ಅದು ನಡೆಯುವುದಿಲ್ಲ. ಸುಲಭದ ದಾರಿ, ಕಳಿಸಿದವರಿಗೇ ಹೇಳುವುದು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸದೆ ಫೋಟೋ ಅಂತ ಕಳಿಸಿದರೆ ಜೆಪಿಜಿ ಆಗಿಯೇ ಬರುತ್ತದೆ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅದರೊಳಗೆ ಮೋಸ್ಟ್ ಕಂಪ್ಯಾಟಿಬಲ್ ಅಂತ ಇದೆ. ಅದನ್ನು ಆರಿಸಿದರೆ ಮುಂದೆ ತೆಗೆಯುವ ಫೋಟೋಗಳೆಲ್ಲ ಜೆಪಿಜಿ. ಎಚ್‌ಇಐಸಿಯನ್ನೂ ಬ್ರೌಸರ್ ಒಳಗೇ ಬದಲಿಸುವ ಬೇರೆ ಪುಟಗಳು ಇವೆ. ಏರೋಪ್ಲೇನ್ ಪರೀಕ್ಷೆ ಮಾಡಿ, ಪಾಸಾದದ್ದನ್ನು ಇಟ್ಟುಕೊಳ್ಳಿ.

ಇಷ್ಟೆಲ್ಲ ರಗಳೆ ಯಾಕೆ, ನಮ್ಮಂಥ ಬಡವರ ಆಧಾರ್ ತಗೊಂಡು ಯಾರು ಏನು ಮಾಡ್ತಾರೆ ಅಂತ ಕೆಲವರು ಕೇಳುತ್ತೀರಿ. ಈ ಮಾತನ್ನು ನಾವು ಒಪ್ಪುವುದಿಲ್ಲ. ಬಡವರ ಖಾತೆಗೂ ಹಣ ಬರುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗಿನಿಂದ ಮನೆ ಯಜಮಾನಿಯ ಖಾತೆಗೆ ತಿಂಗಳ ಲೆಕ್ಕದಲ್ಲಿ 2000 ರೂಪಾಯಿ ಅಂತ ನಿಗದಿಯಾಯಿತು. ಅದನ್ನು ತೆಗೆಯಲು ಹೆಬ್ಬೆಟ್ಟು ಒತ್ತಿದರೆ ಸಾಕು, ಊರಲ್ಲೇ ಸಿಗುತ್ತದೆ. ಅನುಕೂಲ ಹೌದು. ಅದೇ 2023ರಲ್ಲಿ ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ಆಸ್ತಿ ನೋಂದಣಿ ಪತ್ರಗಳ ಪ್ರತಿಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನೂ ಆಧಾರ್ ನಂಬರನ್ನೂ ಬಳಸಿ ಜನರ ಖಾತೆಯಿಂದ ಹಣ ತೆಗೆದರು ಅನ್ನುವುದು ಪೊಲೀಸರು ಹೇಳಿದ ಸಂಗತಿ. ಓಟಿಪಿ ಕೇಳಲಿಲ್ಲ, ಫೋನ್ ಮಾಡಲಿಲ್ಲ. ಕಾಗದದ ಚಿತ್ರ ಸಾಕಾಯಿತು.

ಹಾಗಂತ ಸುಳ್ಳು ಹೆದರಿಕೆ ಹುಟ್ಟಿಸುವುದಿಲ್ಲ. ಆಧಾರ್ ನಂಬರ್ ಒಂದರಿಂದಲೇ ಯಾರೂ ನಿಮ್ಮ ಖಾತೆಯ ಹಣ ತೆಗೆಯಲಾಗದು. ಆದರೆ ನಂಬರ್ ಒಂದು ಕಡೆ, ಸಹಿ ಒಂದು ಕಡೆ, ಬ್ಯಾಂಕ್ ಖಾತೆ ಒಂದು ಕಡೆ, ಮುಖ ಒಂದು ಕಡೆ ಇದ್ದದ್ದು ಒಂದೇ ಕಡೆ ಸೇರಿದರೆ ಕೆಲಸ ಕೆಡುತ್ತದೆ. ನಾವು ಆ ದಿನ ಗಿರಣಿಗೆ ಹಾಕಿದ್ದು ಹೀಗೆ ಸೇರಿದ ಗಂಟನ್ನೇ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ನಕಲನ್ನು ಕಂಡಕಂಡಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ, ಸೈಬರ್ ಕೇಂದ್ರದ ಕಂಪ್ಯೂಟರಿನಲ್ಲಿ ಆಧಾರ್ ಇಳಿಸಬೇಡಿ, ಇಳಿಸಿದರೆ ಎಲ್ಲ ಪ್ರತಿಗಳನ್ನೂ ಪೂರ್ತಿ ಅಳಿಸಿ ಅಂತ. ಜನ ಗಾಬರಿಯಾದರು. ತಪ್ಪು ತಿಳಿಯುವ ಸಾಧ್ಯತೆ ಇದೆ ಅಂತ ಮೇ 29ರಂದು ಸರ್ಕಾರ ಅದನ್ನು ಹಿಂದಕ್ಕೆ ಪಡೆದು, ಸಾಮಾನ್ಯ ಎಚ್ಚರ ಸಾಕು ಅಂದಿತು. ಹಿಂದಕ್ಕೆ ಪಡೆದರೂ ಅದರಲ್ಲಿದ್ದ ಮಾತು ನಮಗೆ ಈಗಲೂ ಸರಿ ಅನ್ನಿಸುತ್ತದೆ. ಮಾಸ್ಕ್ ಮಾಡಿದ ಆಧಾರ್ ಪ್ರಾಧಿಕಾರದ ಪುಟದಲ್ಲೇ ಸಿಗುತ್ತದೆ. ಪೂರ್ತಿ ನಂಬರ್ ಬೇಕೇ ಬೇಕು ಅನ್ನುವ ಕಡೆ ಕೊಡಲೇಬೇಕಾಗುತ್ತದೆ. ಬರೀ ಗುರುತಿಗೆ ಕೇಳುವ ಕಡೆ ಮಾಸ್ಕ್ ಮಾಡಿದ್ದನ್ನು ಕೊಟ್ಟು ನೋಡಿ.

ಹೆಬ್ಬೆಟ್ಟಿಗೂ ಬೀಗ ಇದೆ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಇದೆ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು. ಆದರೆ ಬೀಗ ಹಾಕಿದ ಮೇಲೆ ಹಣ ತೆಗೆಯಲು, ರೇಷನ್ ತರಲು ಹೆಬ್ಬೆಟ್ಟು ಒತ್ತಿದರೆ ಆಗುವುದಿಲ್ಲ, ಮೊದಲು ಬೀಗ ತೆಗೆಯಬೇಕು. ಇದನ್ನು ಮರೆತು ನಮ್ಮ ಒಬ್ಬ ಸದಸ್ಯೆ ರೇಷನ್ ಅಂಗಡಿಯಿಂದ ಖಾಲಿ ಚೀಲ ಹಿಡಿದು ವಾಪಸ್ ಬಂದರು. ನಮ್ಮ ಹದಿನಾಲ್ಕು ಜನರಿಗೆ ನಾವು ಮಾಡಿಕೊಟ್ಟ ಮೊದಲ ಕೆಲಸ ಈ ಬೀಗ. ಖಾತೆಯಿಂದ ಹಣ ಹೋಯಿತು ಅಂತ ಗೊತ್ತಾದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ.

ಇದು ನಮ್ಮ ಕರ್ನಾಟಕದ ತೊಂದರೆ ಮಾತ್ರ ಅಲ್ಲ. 2025ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಬಿಐ ಪೊಲೀಸರ ಡೆನ್ವರ್ ಕಚೇರಿ, ಉಚಿತವಾಗಿ ಫೈಲ್ ರೂಪ ಬದಲಿಸಿಕೊಡುವ ಕೆಲವು ಪುಟಗಳು ಕಂಪ್ಯೂಟರಿಗೆ ವೈರಸ್ ಹಾಕುತ್ತವೆ, ಫೈಲಿನಲ್ಲಿರುವ ಹೆಸರು, ಬ್ಯಾಂಕ್ ವಿವರ ಕದಿಯುತ್ತವೆ ಅಂತ ಎಚ್ಚರಿಸಿತು. ಓದುಬರಹ ಬಲ್ಲ ಅಮೆರಿಕದವರೂ ನಮ್ಮ ಹಾಗೇ ನಾಲ್ಕೂವರೆಗೆ ಆತುರ ಬೀಳುತ್ತಾರೆ ಅಂತ ಕಾಣುತ್ತದೆ.

ಕಾಗದದ ಬೆಲೆ ಈ ತಾಲ್ಲೂಕಿನವರಿಗೆ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ನೀರು ನಿಂತಾಗ ಮನೆ, ತೋಟ ಬಿಟ್ಟು ಬಂದವರು ಈ ಜಿಲ್ಲೆಯಲ್ಲಿ ಎಷ್ಟೋ ಜನ. ಒಂದು ಹಕ್ಕುಪತ್ರಕ್ಕಾಗಿ ಎರಡು ತಲೆಮಾರು ಕಚೇರಿ ಸುತ್ತಿದ ಮನೆಗಳು ಇವೆ. ಅಜ್ಜಿಯಂದಿರು ಆ ಹಳೇ ಕಾಗದಗಳನ್ನು ಟ್ರಂಕಿನ ತಳದಲ್ಲಿ ಸೀರೆಯಡಿ ಇಟ್ಟು ಕಾಯುತ್ತಾರೆ. ಅದೇ ಕಾಗದದ ಫೋಟೋ ಮಾತ್ರ ಯಾರ ಯಾರ ಫೋನಿನಲ್ಲೋ ಇರುತ್ತದೆ.

ನಮ್ಮ ವಿವರ ನಮ್ಮದು ಅನ್ನುವುದು ದೊಡ್ಡವರ ಹಕ್ಕು ಮಾತ್ರ ಅಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಖಾಸಗಿತನ ಅನ್ನುವ ಪದ ಭಾರ ಅನ್ನಿಸಿದರೆ ಬಚ್ಚಲುಮನೆಯ ಬಾಗಿಲು ಅಂದುಕೊಳ್ಳಿ. ಶೌಚಾಲಯಕ್ಕಾಗಿ ನಾವು ನೀವು ಪಂಚಾಯಿತಿ ಮುಂದೆ ಕೂತದ್ದು ಇದಕ್ಕೇ ಅಲ್ಲವೇ?

ಇನ್ನೆರಡು ಸಣ್ಣ ವಿಷಯ. ಫೋನಿನಲ್ಲಿ ಲೊಕೇಶನ್ ಹಾಕಿದ್ದರೆ ಫೋಟೋ ಎಲ್ಲಿ ತೆಗೆದದ್ದು ಅನ್ನುವುದು ಫೋಟೋದ ಒಳಗೇ ಅಡಗಿ ಕೂತಿರುತ್ತದೆ. ಹೆಣ್ಣುಮಕ್ಕಳ ಫೋಟೋ ಮೂಲ ಫೈಲನ್ನೇ ಕಳಿಸಿದರೆ ಮನೆಯ ಜಾಗವೂ ಜೊತೆಗೆ ಹೋಗುತ್ತದೆ. ಬ್ರೌಸರ್ ಒಳಗೆ ರೂಪ ಬದಲಿಸಿದಾಗ ಸಾಮಾನ್ಯವಾಗಿ ಈ ಅಡಗಿದ ವಿವರ ಬಿದ್ದುಹೋಗುತ್ತದೆ, ಅದೊಂದು ಲಾಭ. ಇನ್ನೊಂದು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯಲು ನಿಮ್ಮ ವಾಟ್ಸಾಪನ್ನು ಅವರ ಕಂಪ್ಯೂಟರಿಗೆ ಜೋಡಿಸುತ್ತಾರೆ. ಕೆಲಸ ಮುಗಿದ ಮೇಲೆ ಅದು ಹಾಗೇ ಉಳಿದಿರುತ್ತದೆ. ಅಂಗಡಿಯವರು ಕೆಟ್ಟವರು ಅಂತಲ್ಲ, ಅವರಿಗೂ ನೆನಪಿರುವುದಿಲ್ಲ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಅನ್ನುವ ಕಡೆ ಹೋಗಿ ಈಗಲೇ ನೋಡಿ. ಸಭೆಯಲ್ಲಿ ನೋಡಿದಾಗ ಐದಾರು ಜನರ ಫೋನಿನಲ್ಲಿ ಗುರುತೇ ಇಲ್ಲದ ಕಂಪ್ಯೂಟರ್‌ಗಳು ಕಂಡವು. ಒಬ್ಬರದು ಹಿಂದಿನ ಮಳೆಗಾಲದ್ದು.

ಕೊನೆಗೆ ಸಂಘದ ಒಳಗಿನ ಮಾತು. ಪ್ರತಿ ಸಂಘದಲ್ಲೂ ಒಬ್ಬರ ಮಗನೋ ಮೈದುನನೋ ಇಂಥ ಕೆಲಸಕ್ಕೆ ಇರುತ್ತಾನೆ. ಎಲ್ಲರ ಆಧಾರ್ ಅವನ ಫೋನಿಗೆ ಹೋಗುತ್ತದೆ. ಒಳ್ಳೆ ಹುಡುಗನೇ ಇರಬಹುದು. ಆದರೆ ಸಂಘದ ಪೆಟ್ಟಿಗೆಯ ಬೀಗದ ಕೈಯನ್ನು ಹೊರಗಿನವರಿಗೆ ಕೊಡುತ್ತೀರಾ? ಸಂಘದ ವಾಟ್ಸಾಪ್ ಗುಂಪಿಗೂ ಆಧಾರ್ ಫೋಟೋ ಹಾಕಬೇಡಿ, ಅದು ಎಲ್ಲರ ಫೋನಿನಲ್ಲೂ ಉಳಿಯುತ್ತದೆ. ನಮ್ಮ ಕಚೇರಿಯಲ್ಲಿ ಈಗ ದಾಖಲೆ ಪಡೆದರೆ ಪುಸ್ತಕದಲ್ಲಿ ಬರೆಯುತ್ತೇವೆ. ಯಾರದು, ಯಾವುದಕ್ಕೆ, ಯಾರಿಗೆ ಕಳಿಸಿದೆವು, ಯಾವತ್ತು ಅಳಿಸಿದೆವು ಅಂತ. ಆ ಹಿರಿಯ ಸದಸ್ಯೆ ಕೇಳಿದ ರಸೀದಿ ಇದೇ. ಹಳೆಯ ಹದಿನಾಲ್ಕಕ್ಕೆ ಮಾತ್ರ ಕೊನೆಯ ಕಾಲಂ ಖಾಲಿ ಇದೆ, ಖಾಲಿಯಾಗಿಯೇ ಇರುತ್ತದೆ.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದಿಂದ ಇಬ್ಬರು ಬನ್ನಿ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ. ಅಭ್ಯಾಸಕ್ಕೆ ಹೂವಿನ ಫೋಟೋ, ದನಕರುವಿನ ಫೋಟೋ ಯಾವುದಾದರೂ ಇರಲಿ. ಆಧಾರ್ ಜೆರಾಕ್ಸ್ ತರಬೇಡಿ, ನಮಗೆ ಬೇಡ.